ಪುಸ್ತಕಕ್ಕೆ ಸೇರದ ಕಂದು ಮರಿ

ಮೈಸೂರು, ೩೦ ಫೆಬ್ರವರಿ ೨೩೧೯

...ಓಡುವುದು ಕುದುರೆಯಲ್ಲ, ಅದರ ಅಜ್ಜಿ ಎಂದೋ ಏನೋ ನಿಮ್ಮ ಕಾಲದ ರೇಸಿನವರು ಹೇಳುತ್ತಿದ್ದರಂತೆ. ನನಗೆ ಅರ್ಧ ಮಾತ್ರ ನೆನಪಿದೆ. ದಿನಾಂಕ ಕಂಡು ಗಾಬರಿಯಾಗಬೇಡಿ, ನಂಜರಾಜೇ ಅರಸ್ ಅವರೇ. ನಾವು ತಿಂಗಳುಗಳನ್ನು ಸಮ ಮಾಡಿಕೊಂಡಿದ್ದೇವೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಭಾಷೆಯನ್ನು ನಾನು ಕಲಿತದ್ದು ತಳಿಕೇಂದ್ರದ ದಾಖಲೆಗಾರರಾಗಿ ನೀವು ಬರೆದಿಟ್ಟ ಕುದುರೆ ದಾಖಲೆಗಳಿಂದ.

ಆ ರೇಸಿನ ಆಟವನ್ನು ದಂಡಿನ ಬಿಳಿಯರು ತಂದರು, ಅರಸರು ಬೆಳೆಸಿದರು. ಆಮೇಲೆ ಅದು ರೇಸ್ ಪುಸ್ತಕ ಮಡಚಿ ಹಿಡಿದ ಗುಮಾಸ್ತರದ್ದು, ಆಟೋದವರದ್ದು ಆಯಿತು. ಮೈದಾನಗಳು ಒಂದೊಂದಾಗಿ ಮುಚ್ಚಿದವು. ಈಗ ಭಾನುವಾರ ಜನ ನೆರಳೋಟ ನೋಡುತ್ತಾರೆ: ಸತ್ತ ಕುದುರೆಗಳ ಬೆಳಕಿನ ರೂಪಗಳು ಬಯಲಲ್ಲಿ ಓಡುತ್ತವೆ, ಧೂಳೇಳುವುದಿಲ್ಲ. ಮಕ್ಕಳು ಹೆಸರು ಹಿಡಿದು ಕೂಗುತ್ತಾರೆ. ಬೆವರಿನ ವಾಸನೆ ಹೇಗಿರುತ್ತದೆಂದು ಯಾರೂ ಕೇಳುವುದಿಲ್ಲ.

ಆ ರೇಸ್ ಕುದುರೆಗಳ ತಳಿಯಲ್ಲಿ ಜೀವಂತ ಉಳಿದಿರುವುದು ನಮ್ಮ ಲಾಯದ ಎರಡೇ. ಹೆಣ್ಣಿಗೆ ಇಪ್ಪತ್ತೊಂದು ವರ್ಷ. ಇದೇ ಅದರ ಕೊನೆಯ ಬೆದೆ. ಅದರ ಹೆಸರು ವಂಶಾವಳಿ ಪುಸ್ತಕದಲ್ಲಿದೆ. ಗಂಡಿನದು ಇಲ್ಲ, ಏಕೆಂದರೆ ಅದರ ಮೂಲತಾಯಿ, ೨೦೨೭ರಲ್ಲಿ ನಿಮ್ಮ ತಳಿಕೇಂದ್ರದಲ್ಲಿ ಹುಟ್ಟಿದ ಕಂದು ಮರಿ, ದಾಖಲಾಗಲಿಲ್ಲ. ಕುದುರೆಗಳು ಕೂಡಿದ್ದನ್ನು ಕಣ್ಣಾರೆ ಕಂಡವರು ಅಂದೇ ಸಹಿ ಹಾಕಬೇಕೆಂಬುದು ನಿಮ್ಮ ಪದ್ಧತಿ. ಆ ಮರಿಯ ತಂದೆತಾಯಿ ಕೂಡಿದ್ದನ್ನು ಕಂಡದ್ದು ಕುದುರೆ ನೋಡಿಕೊಳ್ಳುವ ಸೈಸ್ ಮಹಬೂಬ್ ಒಬ್ಬರೇ. ಅವರು ಹೆಬ್ಬೆಟ್ಟು ಒತ್ತಲು ಬಂದಾಗ ಆಡಿದ ಮಾತನ್ನು ನೀವು ಅಂಚಿನಲ್ಲಿ ಬರೆದಿದ್ದೀರಿ: "ನಾನೇ ಹಗ್ಗ ಹಿಡ್ಕಂಡು ನಿಂತಿದ್ದೆ ಸ್ವಾಮಿ, ಕುದುರೇನೂ ಸುಳ್ ಹೇಳ್ತದಾ?" ಕೆಳಗೆ ಎರಡು ಮಾತು: ಸಹಿ ಇಲ್ಲ, ಅಮಾನ್ಯ. ಹೆಬ್ಬೆಟ್ಟು ಸಲ್ಲದು ಎಂದು ಆ ಪದ್ಧತಿಯಲ್ಲಿ ಎಲ್ಲಿಯೂ ಇಲ್ಲ. ಹುಡುಕಿ ನೋಡಿದ್ದೇನೆ.

ರಕ್ತ ಪರೀಕ್ಷೆ ನಮ್ಮಲ್ಲಿ ಸಾಕ್ಷಿಯಾಗಿ ನಡೆಯುವುದಿಲ್ಲ. ರಕ್ತವನ್ನೂ ಬೇಕಾದಂತೆ ತಯಾರಿಸುವ ಕಾಲವಿದು. ನ್ಯಾಯಾಲಯ ನಂಬುವುದು ನಿಮ್ಮ ಕಾಲದ ಶಾಯಿಯನ್ನು ಮಾತ್ರ. ಈ ಎರಡಕ್ಕೆ ಹುಟ್ಟುವ ಮರಿ ಪುಸ್ತಕಕ್ಕೆ ಸೇರದಿದ್ದರೆ ತಳಿ ಮುಗಿಯಿತೆಂದು ಘೋಷಿಸಿ ಹುಲ್ಲುಗಾವಲನ್ನು ಕಿತ್ತುಕೊಳ್ಳುತ್ತಾರೆ. ಬೇರೆಲ್ಲೂ ಹುಲ್ಲಿಲ್ಲ. ಲಾಯ ನೋಡಿಕೊಳ್ಳುವ ದೇವೀರಮ್ಮ ಬಾಗಿಲಲ್ಲಿ ನಿಂತು ಬೈಯುತ್ತಿದ್ದಾರೆ: "ಸತ್ತೋರ್ಗೆ ಕಾಗ್ದ ಬರೀತಾ ಕೂತವ್ರೆ ನಮ್ ಸಾಹೇಬ್ರು. ಬದುಕಿರೋವ್ಕೆ ಒಸಿ ನೀರಿಡ್ಬಾರ್ದಾ?"

ಬೆದೆ ಇನ್ನು ನಾಲ್ಕು ದಿನ. ಈ ಕಾಗದ ನಿಮ್ಮನ್ನು ಮುಟ್ಟುವ ದಾರಿ ನನಗೆ ತಿಳಿಯದು, ಬೇರೆ ದಾರಿಯೂ ಇಲ್ಲ. ಕಾಣದ್ದಕ್ಕೆ ಸಹಿ ಹಾಕಿ ಎಂದು ಕೇಳುತ್ತಿಲ್ಲ. ಹೆಬ್ಬೆಟ್ಟು ಒತ್ತಲು ಶಾಯಿಯ ಡಬ್ಬಿಯನ್ನು ಮಹಬೂಬರ ಕಡೆಗೆ ಸರಿಸಿ, ಅಷ್ಟು ಸಾಕು. ನೀವು ಅವರನ್ನು ನಂಬಿದ್ದಿರಿ. ಇಲ್ಲದಿದ್ದರೆ ಆ ಮಾತನ್ನು ಯಾಕೆ ಬರೆದಿಟ್ಟಿರಿ?