ಅಟ್ಟದ ಏಣಿ

ಜೂನ್ ೧೭, ಮಂಗಳವಾರ

ಏಣಿ ಸುಟ್ಟುಬಿಟ್ಟೆ. ಒಂದಿಷ್ಟೂ ಬೇಸರವಿಲ್ಲ ನನಗೆ.

ಸಂಜೆ ಬಾಣಾವರದಿಂದ ಬಂದು ನೋಡಿದರೆ ಮಗ ಚೈತನ್ಯ ಕೊಬ್ಬರಿ ಅಟ್ಟದ ಮೇಲೆ, ಕತ್ತಲಲ್ಲಿ ಒಬ್ಬನೇ. ಹೊಸ ಪೆನ್ಸಿಲ್ ಬಾಕ್ಸ್ ಕಳೆದುಕೊಂಡು ಬಂದನೆಂದು ಇವರು ಅವನನ್ನು ಹತ್ತಿಸಿ ಏಣಿ ತೆಗೆದಿಟ್ಟಿದ್ದರು. ಇಳಿಸಿಕೊಂಡಾಗ ಚಡ್ಡಿ ಒದ್ದೆಯಾಗಿತ್ತು. ಅಳುವುದನ್ನೂ ಬಿಟ್ಟಿದ್ದ. ಆರು ವರ್ಷದ ಮಗು ಹಾಗೆ ಅಳದೆ ನಿಂತಿದ್ದನ್ನು ನೋಡಲು ನನ್ನಿಂದಾಗಲಿಲ್ಲ.

ಅತ್ತೆ ಅಡುಗೆಮನೆಯಿಂದಲೇ ಹೇಳಿದರು: "ಮಕ್ಳಿಗೆ ಭಯ ಇರ್ಬೇಕು ಕಣೇ. ನಿನ್ ಗಂಡನ್ನೂ ಹಿಂಗೇ ಅಟ್ಟ ಹತ್ತಿಸಿ ಬೆಳೆಸಿದ್ದು. ಏನಾಗೈತೆ ಅವನಿಗೆ?"

ನಾನು ಏಣಿಯನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, ಕಡಿದು, ನೀರೊಲೆಗೆ ತುಂಬಿದೆ. ಇವರು ಓಡಿ ಬಂದರು.

"ತಲೆ ಕೆಟ್ಟೈತಾ ನಿಂಗೆ? ಕೊಬ್ಬರಿ ಹೆಂಗೆ ಇಳಿಸೋದು?"

"ಇಳಿಸೋ ದಿನ ಪಕ್ಕದ ಮನೇಲಿ ಇಸ್ಕೊಂಡು ಬನ್ನಿ. ಈ ಮನೇಲಿ ಇನ್ಮೇಲೆ ಏಣಿ ಇರಲ್ಲ. ಹೊಸದು ತಂದ್ರೆ ಅದನ್ನೂ ಸುಡ್ತೀನಿ."

ಆ ಬಿಸಿನೀರಲ್ಲೇ ಮಗುವಿಗೆ ಸ್ನಾನ ಮಾಡಿಸಿದೆ. ಆಗ ಅತ್ತ, ಮನೆಯೆಲ್ಲ ಕೇಳುವ ಹಾಗೆ ಅತ್ತ. ಅಳಲಿ. ನಾಳೆ ಊರು ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ.

ಅತ್ತೆಯ ಮಾತು ಮಾತ್ರ ತಲೆಯಿಂದ ಹೋಗುತ್ತಿಲ್ಲ. ಏನಾಗೈತೆ ಅವನಿಗೆ? ಮದುವೆಯಾಗಿ ಎಂಟು ವರ್ಷವಾಯಿತು, ಇವರು ಒಂದು ರಾತ್ರಿಯೂ ಲೈಟು ಆರಿಸಿ ಮಲಗಿದವರಲ್ಲ. ಈಗ ಪಕ್ಕದಲ್ಲೇ ನಿದ್ದೆ ಹೋಗಿದ್ದಾರೆ. ಆ ಲೈಟಿನ ಬೆಳಕಲ್ಲೇ ಇದನ್ನು ಬರೆಯುತ್ತಿದ್ದೇನೆ.