ನಿಲ್ಲಿಸಬಾರದ ವೇಗ

ಮಾವ,

ನಾನು ನಿಮಗೆ ಅನ್ಯಾಯ ಮಾಡಿದೆ. ನೂರಕ್ಕೂ ಹೆಚ್ಚು ಜನರ ಜೀವ ಉಳಿಸಿದ ನಿಮ್ಮನ್ನು ಜೀವಗಳ ಜೊತೆ ಆಟವಾಡಿದ ಪೈಲಟ್ ಎಂದು ಕರೆದು, ಕರಪತ್ರ ಹೊಡೆಸಿ, ಗುಂಡ್ಲುಪೇಟೆಯಲ್ಲೂ ಚಾಮರಾಜನಗರದಲ್ಲೂ ಹಂಚಿದೆ. ನೀವು ಹೋಗಿ ಐದು ತಿಂಗಳಾಯಿತು. ಆ ಕರಪತ್ರ ಮಾತ್ರ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನ ಗೋಡೆಯ ಮೇಲೆ ಇನ್ನೂ ಇದೆ. ಕೀಳಲು ಹೋದರೆ ಸುಣ್ಣದ ಸಮೇತ ಬರುತ್ತದೆ. ಅಷ್ಟು ಚೆನ್ನಾಗಿ ಅಂಟಿಸಿದವನೂ ನಾನೇ.

ಒಬ್ಬ ಅರಿಸಿನದ ವ್ಯಾಪಾರಿ ಮಗಳ ಮದುವೆ ಕಾರ್ಡಿಗೆಂದು ನಾನು ಕೆಲಸ ಮಾಡುವ ಪ್ರೆಸ್ಸಿಗೆ ಬಂದ ದಿನ ಕಣ್ಣಿಗೆ ಕಟ್ಟಿದಂತಿದೆ. ಅವರು ನಿಮ್ಮ ವಿಮಾನದಲ್ಲಿದ್ದವರು. "ನೆಲ ಬುಡೋಕ್ ಮುಂಚೇನೇ ಡಬ್ ಅಂತು ಕಣಪ್ಪ. ರೆಕ್ಕೆ ಕೆಳ್ಗೆ ಬೆಂಕಿ! ನಿಲ್ಸಿ ನಿಲ್ಸಿ ಅಂತ ನಾವು ಬಾಯ್ ಬಡ್ಕತಿದ್ರೆ ಆವಯ್ಯ ಎತ್ಕಂಡ್ ಓಗೇ ಬುಟ್ಟ" ಎಂದರು. ಆವಯ್ಯ ನನ್ನ ಸೋದರಮಾವ ಎಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಮ್ಮ ಸಂಘಟನೆಯಲ್ಲಿ ನಾನು ಓದಿದ್ದ ಪುಸ್ತಿಕೆಗಳ ಪದಗಳೆಲ್ಲ ಒಟ್ಟಿಗೆ ಎದ್ದು ನಿಂತವು: ಕಂಪನಿ, ಲಾಭ, ಜನಸಾಮಾನ್ಯರ ಪ್ರಾಣ. ಸ್ವಂತ ಮಾವನನ್ನೂ ಬಿಡದವನು ಎಂಬ ಹೆಮ್ಮೆ ಬೇರೆ.

ಅಪ್ಪನ ಲಾರಿಯಲ್ಲಿ ಊಟಿ ಘಾಟ್ ಹತ್ತಿದ್ದು ನೆನಪಾಯಿತು. "ಇಂಜಿನ್ ಸದ್ದು ಬದ್ಲಾಯ್ತಾ, ಮೊದ್ಲು ನಿಲ್ಸು. ಚಕ್ರಕ್ಕೆ ಕಲ್ಲು ಕೊಡು. ಯೋಚ್ನೆ ಆಮೇಲೆ ಮಾಡುವಂತೆ" ಎನ್ನುತ್ತಿದ್ದ ಅಪ್ಪ. ನಮ್ಮ ಕಡೆ ಒಳ್ಳೆ ಡ್ರೈವರ್ ಎಂದರೆ ಸರಿಯಾದ ಹೊತ್ತಿಗೆ ನಿಲ್ಲಿಸುವವನು ತಾನೇ? ಅದಕ್ಕೇ ಬರೆದೆ: "ಲಾರಿ ಚಾಲಕನಿಗಿರುವ ವಿವೇಕ ವಿಮಾನ ಚಾಲಕನಿಗೆ ಬೇಡವೇ?" ಜನ ಆ ಒಂದು ಸಾಲನ್ನೇ ಮತ್ತೆ ಮತ್ತೆ ಓದಿ ತಲೆದೂಗಿದರು. ನಾನು ಬರೆದದ್ದರಲ್ಲಿ ಒಂದೂ ಸುಳ್ಳಿರಲಿಲ್ಲ ಮಾವ. ಇಂಜಿನ್ ಕೆಟ್ಟಿದ್ದು ನಿಜ, ಆಮೇಲೂ ನೀವು ಹಾರಿಸಿದ್ದು ನಿಜ. ನಿಜವನ್ನೇ ಬರೆದು ಇಷ್ಟು ದೊಡ್ಡ ತಪ್ಪು ಮಾಡಬಹುದು ಎಂದು ಯಾವ ಪುಸ್ತಿಕೆಯೂ ನನಗೆ ಹೇಳಿರಲಿಲ್ಲ.

ಆ ಹೋಟೆಲಿನಲ್ಲಿ ನೀವು ಟೀ ಲೋಟ ಹಿಡಿದು ಗೋಡೆಯ ಮುಂದೆ ನಿಂತಿದ್ದಿರಿ. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದು ಕಂಪನಿ ಹೇಳಿದ್ದರಿಂದ ಊರಿಗೆ, ಭೀಮನಬೀಡಿಗೆ, ಬಂದು ಉಳಿದಿದ್ದಿರಿ.

"ಇದ್ನ ನೀನೇ ಬರ್ದದ್ದಾ?"

"ಹೌದು."

"ಬರ್ವಣಿಗೆ ಚೆನ್ನಾಗದೆ ಕಣ್ಲಾ. ಆದ್ರೆ ನಿಲ್ಸೋಕೂ ಜಾಗ ಬೇಕು."

"ಕಂಪನಿ ಮಾತು ಹೇಳ್ಬೇಡಿ ಮಾವ."

ನೀವು ನಕ್ಕಿರಿ. ವಿಚಾರಣೆ ನಡೆಯುವಾಗ ಹೊರಗೆ ಬಾಯಿ ಬಿಡಬಾರದಂತೆ. ನಿಯಮವಂತೆ! ತಂಗಿಯ ಮಗನಿಗೆ ಇನ್ನು ನಾಲ್ಕು ಮಾತು ಹೇಳಿದ್ದರೆ ಯಾವ ಆಕಾಶ ಬೀಳುತ್ತಿತ್ತು? ಕೆನ್ನೆಗೆ ಒಂದು ಬಾರಿಸಿಯಾದರೂ... ಅದಾದ ಹತ್ತನೇ ಬೆಳಿಗ್ಗೆ ನೀವು ಜಗಲಿಯ ಮೇಲೆ ಕೂತವರು ಹಾಗೆಯೇ ಒರಗಿದಿರಿ. ಡಾಕ್ಟರು ಹೃದಯ ನಿಂತಿತು ಎಂದರು. ಅವ್ವ ಆ ಮಾತನ್ನು ಒಪ್ಪಿಲ್ಲ. ಅಂದಿನಿಂದ ನನ್ನ ಮುಖ ನೋಡಿ ಮಾತಾಡಿಲ್ಲ.

ನಿಮ್ಮ ತಿಥಿಯ ದಿನ ಗಡಿಯಾಚೆಯ ಬತ್ತೇರಿ ಕಡೆಯ ಒಬ್ಬ ಹುಡುಗಿ ಬಂದಿದ್ದಳು, ಶ್ರೀಜಾ. ಅಂದು ನಿಮ್ಮ ಪಕ್ಕದ ಸೀಟಿನಲ್ಲಿದ್ದ ಕೋಪೈಲಟ್. ಎಲೆಯ ಮುಂದೆ ಕೂತು, ಮಲಯಾಳದ ರಾಗ ಬೆರೆತ ಕನ್ನಡದಲ್ಲಿ ಹೇಳಿದಳು. "ಒಂದು ವೇಗ ಉಂಟು. ಅದು ಬಂದಾಗ ನಾನು ಕೂಗಬೇಕು. ಕೂಗಿದೆ. ಸಾರ್ ಇಂಜಿನ್ ಲಿವರ್ ಮೇಲಿಂದ ಕೈ ತೆಗೆದರು. ಕೈ ಅಲ್ಲೇ ಇದ್ದರೆ ಹೆದರಿ ಹಿಂದಕ್ಕೆ ಎಳೆದುಬಿಡ್ತೇವೆ, ಅದಕ್ಕೇ ಆ ಪದ್ಧತಿ. ಕೈ ತೆಗೆದ ಮೇಲೆ ಸದ್ದು ಬಂತು."

"ಆಗ್ಲಾದ್ರೂ ನಿಲ್ಲಿಸಬಹುದಿತ್ತಲ್ಲ?" ಎಂದೆ.

"ಎಲ್ಲಿ? ಮುಂದೆ ಉಳಿದ ರನ್‌ವೇ ಸಾಲುವುದಿಲ್ಲ. ಅದರಾಚೆ ಗೋಡೆ, ಗೋಡೆಯಾಚೆ ಮನೆಗಳು. ಒಂದು ಇಂಜಿನಲ್ಲಿ ಏರಬಹುದು. ಆ ವೇಗದಲ್ಲಿ ನಿಲ್ಲಲಿಕ್ಕೆ ಆಗುವುದಿಲ್ಲ." ಅವಳು ಮುಂದುವರಿಸಿದಳು. "ನಾನೂ ನಿಮ್ಮ ಹಾಗೇ. ನಿಲ್ಲಿಸಬೇಕಾ ಅಂತ ಸಾರ್ ಮುಖ ನೋಡಿದೆ. ಇಂಗ್ಲಿಷಲ್ಲಿ ಹೇಳಬೇಕಾದವರು 'ಹೋಗನ' ಅಂದುಬಿಟ್ಟರು."

ಅಲ್ಲಿದ್ದವರೆಲ್ಲ ನಕ್ಕರು. ಅವ್ವ ಅಳುತ್ತಲೇ ನಕ್ಕಳು.

ವಿಮಾನ ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ ನೀವು ಕಾಲಿನ ಕೆಳಗಿನ ಪೆಡಲನ್ನು ಒತ್ತಿ ನೇರ ಹಿಡಿದಿರಂತೆ. ಸಾಕಷ್ಟು ಮೇಲೇರುವವರೆಗೆ ಬೇರೆ ಯಾವುದನ್ನೂ ಮುಟ್ಟಲು ಬಿಡಲಿಲ್ಲವಂತೆ. ಆಮೇಲೆ ಕೆಟ್ಟ ಇಂಜಿನ್ ಯಾವುದು ಎಂದು ನೀವು ಬಾಯಿಬಿಟ್ಟು ಹೇಳಿ, ಅವಳು ನೋಡಿ ಹೌದೆಂದ ಮೇಲೆಯೇ ಅದನ್ನು ಆಫ್ ಮಾಡಿದ್ದು. ಗಾಬರಿಯಲ್ಲಿ ಒಳ್ಳೆಯ ಇಂಜಿನ್ನನ್ನೇ ಆಫ್ ಮಾಡಿದವರೂ ಇದ್ದಾರಂತೆ. ಒಂದು ಸುತ್ತು ಹಾಕಿ ಇಳಿದ ಮೇಲೆ, ನಿಮ್ಮ ಕಾಲಿನ ನಡುಕ ನಿಲ್ಲಲು ತುಂಬ ಹೊತ್ತು ಬೇಕಾಯಿತಂತೆ. ಈ ಕಾಲಿನ ಬಗ್ಗೆ ನನ್ನ ಕರಪತ್ರದಲ್ಲಿ ಒಂದು ಸಾಲೂ ಇರಲಿಲ್ಲ.

ಮೊನ್ನೆ ಶ್ರೀಜಾ ಫೋನ್ ಮಾಡಿದ್ದಳು. ವಿಚಾರಣೆಯ ವರದಿ ಬಂದಿದೆ ಮಾವ. ನಿಮ್ಮ ತೀರ್ಮಾನ ಸರಿ, ಅಂದು ನಿಲ್ಲಿಸಿದ್ದರೆ ಯಾರಾದರೂ ಉಳಿಯುವುದು ಕಷ್ಟವಿತ್ತು ಎಂದು ಬರೆದಿದ್ದಾರೆ. ಐದು ತಿಂಗಳು ಮುಂಚೆ ಬರೆಯಲು ಇವರ ಕೈಗೆ ಏನಾಗಿತ್ತು? ಅದೂ ಇಂಗ್ಲಿಷಿನಲ್ಲಿ. ಗುಂಡ್ಲುಪೇಟೆಯ ಹೋಟೆಲಿನಲ್ಲಿ ಅದನ್ನು ಯಾರು ಓದುತ್ತಾರೆ?

ನಿನ್ನೆ ನಮ್ಮ ಸಂಘಟನೆಯ ಮಾದೇಶನ ಬಳಿ ಹೋಗಿ, ತಪ್ಪೊಪ್ಪಿಕೊಂಡು ಹೊಸ ಕರಪತ್ರ ಹಾಕೋಣ ಎಂದೆ. "ಒಂದ್ಸಾರಿ ಇಂದಕ್ ತಕಂಡ್ರೆ ನಾಳಿಕ್ ನಮ್ಮನ್ ಯಾವನ್ಲಾ ನಂಬ್ತನೆ? ಸತ್ತೋದೋರ್ಗೆ ಏನ್ ಗೊತ್ತಾದದು, ಬುಡು" ಎಂದ. ಸತ್ಯಕ್ಕಾಗಿ ಎಂದು ಎದೆ ತಟ್ಟಿಕೊಳ್ಳುವ ನಾವು! ಸಂಘಟನೆಯ ಹೆಸರು ಹಾಕುವಂತಿಲ್ಲ, ಹೊಸ ಕರಪತ್ರ ತಂದರೆ ನನ್ನನ್ನು ಹೊರಗಿಡುತ್ತಾರಂತೆ. ಇಡಲಿ. ಕೆಳಗೆ ನನ್ನ ಹೆಸರು, ನನ್ನ ಊರು ಹಾಕಿದ್ದೇನೆ. ವರದಿಯ ಮುಖ್ಯ ಭಾಗವನ್ನು ಶ್ರೀಜಾ ಓದಿ ಹೇಳಿದಳು, ನಾನು ಕನ್ನಡದಲ್ಲಿ ಬರೆದುಕೊಂಡೆ. ಅಚ್ಚಾಗಿದೆ.

ಬರೀ ಹಂಚಿದರೆ ಸಾಲದು. ಆ ಹೋಟೆಲಿಗೆ ಟೀಗೆ ಬರುವ ಲಾರಿ ಡ್ರೈವರುಗಳ ನಡುವೆ ನಿಂತು ಜೋರಾಗಿ ಓದುತ್ತೇನೆ, ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಅವ್ವನಿಗೂ ಹೇಳಿದೆ. ಬರುತ್ತೇನೆ ಎನ್ನಲಿಲ್ಲ. ಎಷ್ಟು ಗಂಟೆಗೆ ಎಂದು ಮಾತ್ರ ಕೇಳಿದಳು.

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ ಮಾವ. ಬರುವ ಶುಕ್ರವಾರ, ಬೆಳಿಗ್ಗೆ ಹತ್ತೂವರೆಗೆ, ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಎದುರು.