ಹಾಳೆಯ ಮೇಲೆ ಬೆಳೆದ ಕಲ್ಲುಹೂವು

ಜೂನ್ ೯, ಭಾನುವಾರ

ಪ್ರೀತಿಯ ಪುಟ್ಟಿ,

ಅಪ್ಪನ ಆಶೀರ್ವಾದಗಳು. ನಿನ್ನ ಈಚಿನ ಮೂರು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದೆ, ಹೊಟ್ಟೆಗೆ ಹಾಕಿಕೊ. ಮೂರರಲ್ಲೂ ಒಂದೇ ಪ್ರಶ್ನೆ: “ಅಮ್ಮ ಹೇಗಿದ್ದಾಳೆ? ನಾನು ಬರಲಾ?” ಅದಕ್ಕೆ ಬರುತ್ತೇನೆ. ಮೊದಲು ನನ್ನ ಮಾನ ಹೋದ ಸುದ್ದಿ ಕೇಳು.

ಗುಡ್ಡದ ಬಂಡೆಯ ಮೇಲಿನ ಕಲ್ಲುಹೂವನ್ನು ನಾನು ಇಪ್ಪತ್ತೆರಡು ವರ್ಷದಿಂದ ಅಳೆಯುತ್ತಿರುವುದು ನಿನಗೆ ಗೊತ್ತು. ಚಿಕ್ಕವಳಿದ್ದಾಗ ನೀನು ಅದನ್ನು ನೋಡಿ, “ಇದು ಹೂವಲ್ಲ, ಕಲ್ಲಿಗೆ ಬಂದ ಹುಳುಕಡ್ಡಿ” ಎಂದು ನಕ್ಕಿದ್ದೆ. ಬೇರಿಲ್ಲ, ಕಾಂಡವಿಲ್ಲ, ಒಂದು ಬೂಷ್ಟು, ಒಂದು ಪಾಚಿ ಸೇರಿ ಸಂಸಾರ ಹೂಡಿ, ಬರಿಗಲ್ಲನ್ನು ಕಚ್ಚಿಕೊಂಡು ವರ್ಷಕ್ಕೆ ಅರ್ಧ ಮಿಲಿಮೀಟರು ಹರಡುತ್ತವೆ. ಮೇಲೆ ಪಾರದರ್ಶಕ ಹಾಳೆಯಿಟ್ಟು ಅದರ ಅಂಚನ್ನು ವರ್ಷಕ್ಕೊಮ್ಮೆ ಬರೆದುಕೊಂಡು ಬರುವುದು ನನ್ನ ಕೆಲಸ.

ಅಮ್ಮನಿಗೆ ಮರೆವಿನ ಕಾಯಿಲೆ ಹತ್ತಿದ ಮೇಲೆ ಗುಡ್ಡ ಹತ್ತಲು ಆಗಲಿಲ್ಲ. ಒಲೆ ಹಚ್ಚಿ ಮರೆಯುವವಳನ್ನು ಇಡೀ ದಿನ ಒಬ್ಬಳನ್ನೇ ಬಿಟ್ಟು ಹೇಗೆ ಹೋಗಲಿ? ಅಡಿಗೆಮನೆಯ ಮೇಜಿನ ಮೇಲೆ ಹಿಂದಿನ ವರ್ಷದ ಹಾಳೆಯನ್ನು ಕೆಳಗಿಟ್ಟು, ಗೆರೆಯನ್ನು ಕೂದಲೆಳೆಯಷ್ಟು ಹೊರಗೆ ಎಳೆದೆ. ಅರ್ಧ ಮಿಲಿಮೀಟರಿಗೆ ಸಾಕ್ಷಿ ಯಾರು? ಮೂರು ವರ್ಷ ಹಾಗೇ ನಡೆಯಿತು.

ಹೋದ ವಾರ ನಮ್ಮ ಸಂಶೋಧನಾ ಕೇಂದ್ರದ ಹೊಸ ಮೇಡಂ ತಾವೇ ಗುಡ್ಡ ಹತ್ತಿದರು; ನಾನೂ ಏದುಸಿರು ಬಿಡುತ್ತಾ ಹಿಂದೆ ಹೋದೆ. ಬಂಡೆಯ ಮೇಲೆ ಬಿಳಿಚಿಕೊಂಡ ಗುರುತಷ್ಟೇ ಇತ್ತು. ಬೆರಳು ತಾಗಿಸಿದರೆ ಹುಡಿಯಾಗಿ ಉದುರಿತು. ಅವರು ನನ್ನ ಹಾಳೆಗಳನ್ನು ನೋಡಿದರು, ನನ್ನನ್ನು ನೋಡಿದರು.

“ಏನ್ರೀ ಇದು? ಯಾವತ್ತೋ ಸತ್ತಿರೋದು ನಿಮ್ಮ ಹಾಳೆ ಮೇಲೆ ಬೆಳೀತಾನೇ ಇದೆಯಲ್ಲ!”

ಅಷ್ಟಕ್ಕೇ ಬಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಬಂಡೆಗೆ ಕೈ ಊರಿದ್ದನ್ನು ಕಂಡು ನೀರಿನ ಬಾಟಲಿ ಕೊಟ್ಟು, “ಕೂತ್ಕೊಳ್ಳಿ, ಬೀಳ್ತೀರ” ಎಂದರು. ಮರುದಿನ, ಇನ್ನು ಕೆಲಸಕ್ಕೆ ಬರಬೇಡಿ ಎಂದು ಕಾಗದ ಬಂತು. ಮಾಡಿದ್ದುಣ್ಣೋ ಮಹರಾಯ. ಮೊದಲಿನ ಹತ್ತೊಂಬತ್ತು ವರ್ಷದ ನಿಜವನ್ನೂ ಇನ್ನು ಯಾರೂ ನಂಬುವುದಿಲ್ಲ ಪುಟ್ಟಿ, ಅದೇ ನನ್ನನ್ನು ತಿನ್ನುತ್ತಿದೆ.

ನಿನ್ನ ಪರೀಕ್ಷೆ ಮುಗಿಯಿತಲ್ಲ, ಒಳ್ಳೆಯದಾಗಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಬಾಳು ತಣ್ಣಗಿರಲಿ.

ನಿನ್ನ ಅಪ್ಪ

ಇನ್ನೊಂದು ಮಾತು, ಮರೆತು ಉಳಿದದ್ದಲ್ಲ, ಬರೆಯಲು ಕೈ ಬಾರದೆ ಉಳಿದದ್ದು: “ಅಮ್ಮ ಸ್ವಲ್ಪ ಚೇತರಿಸಿಕೊಂಡಿದ್ದಾಳೆ, ಪರೀಕ್ಷೆ ಮುಗಿಸಿಕೊಂಡೇ ಬಾ” ಎಂದು ಮೊದಲೆಲ್ಲ ತಿಂಗಳು ತಿಂಗಳೂ ಬರೆದೆನಲ್ಲ, ಅದೂ ಸುಳ್ಳೇ. ಚಳಿಗಾಲವಿಡೀ ಅವಳು ದಿನಾ ಬಾಗಿಲ ಕಡೆ ನೋಡಿ “ಪುಟ್ಟಿ ಬಂದ್ಲಾ?” ಎಂದು ಕೇಳುತ್ತಿದ್ದಳು. ಮಾರ್ಚಿನಿಂದ ಕೇಳುತ್ತಿಲ್ಲ. ಮೊನ್ನೆ ನಿನ್ನ ಫೋಟೋ ಕೈಗೆ ಕೊಟ್ಟೆ. ತುಂಬ ಹೊತ್ತು ನೋಡಿ, “ಯಾರ ಮನೆ ಹುಡುಗಿ ಇದು? ಲಕ್ಷಣವಾಗಿದ್ದಾಳೆ. ಇವಳ ಅಮ್ಮ ಪುಣ್ಯ ಮಾಡಿದ್ದಾಳೆ” ಅಂದಳು.